ಮೈಗೂಡಿದ್ದು ಕೈಗೂಡಲಿ: ವ್ಯಾಯಾಮವನ್ನೂ ಕಲಿಕೆಯನ್ನೂ ಬದುಕಿನ ಉದ್ದೇಶಕ್ಕೆ ಜೋಡಿಸುವ ಬಗೆ

ವ್ಯಾಯಾಮ ಶುರುಮಾಡಿ ಮೂರನೆಯ ವಾರಕ್ಕೆ ಬಿಟ್ಟವರು, ಹೊಸ ವಿದ್ಯೆಯೊಂದಕ್ಕೆ ಕೈಹಾಕಿ ನಾಲ್ಕನೆಯ ಪಾಠಕ್ಕೆ ನಿಂತವರು ಸಾಮಾನ್ಯವಾಗಿ ತಮ್ಮ ಸೋಮಾರಿತನವನ್ನೇ ಬೈದುಕೊಳ್ಳುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಬೈದುಕೊಂಡೆ. ಬೆಳಿಗ್ಗೆ ತೂಕ ಇಳಿಸಲೆಂದು ಓಡುತ್ತಿದ್ದೆ. ರಾತ್ರಿ, ಯಾರೋ ಒಳ್ಳೆಯದು ಎಂದರೆಂದು ಹೊಸದೊಂದು ಭಾಷೆ ಕಲಿಯುತ್ತಿದ್ದೆ. ಇವೆರಡರ ನಡುವೆ, ಶಾಲೆಯ ಮುಖ ನೋಡದೆ ಬೆಳೆದ ಹಿರಿಯರಿಗೆ ಸಂಜೆಯ ಹೊತ್ತು ಓದು ಬರಹ ಕಲಿಸುತ್ತಿದ್ದೆ. ನಿಜಕ್ಕೂ ನನಗೆ ಬೇಕಿದ್ದ ಕೆಲಸ ಅದೊಂದೇ. ಆದರೆ ಆ ತರಗತಿಯ ಎರಡನೆಯ ತಾಸು ಬರುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು, ಸೊಂಟ ಹಿಡಿಯುತ್ತಿತ್ತು, ಹಲಗೆಯ ಮೇಲ್ತುದಿಗೆ ಬರೆಯಲು ಬಲಗೈ ಏಳುತ್ತಿರಲಿಲ್ಲ. ಐದು ಕಿಲೋಮೀಟರ್ ಓಡಬಲ್ಲ ಮನುಷ್ಯ ಎರಡು ತಾಸು ನಿಂತು ಪಾಠ ಹೇಳಲಾರದೆ ಕುರ್ಚಿ ಹುಡುಕುತ್ತಿದ್ದ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ನನ್ನ ಬಂಡಿಯ ಗತಿಯೂ ಅದೇ ಆಗಿತ್ತು.

ಕನ್ನಡದಲ್ಲಿ ತಾಲೀಮು ಎಂಬ ಮಾತು ಕುಸ್ತಿಯ ಅಭ್ಯಾಸಕ್ಕೂ ಸಲ್ಲುತ್ತದೆ, ನಾಟಕದ ಅಭ್ಯಾಸಕ್ಕೂ ಸಲ್ಲುತ್ತದೆ. ವಿದ್ಯೆ ಚೆನ್ನಾಗಿ ಬಂದಾಗ ಮೈಗೂಡಿತು ಎನ್ನುತ್ತೇವೆ; ಉದ್ದೇಶ ಈಡೇರಿದಾಗ ಕೈಗೂಡಿತು ಎನ್ನುತ್ತೇವೆ. ಭಾಷೆ ಎಂದೋ ಜೋಡಿಸಿಟ್ಟಿರುವುದನ್ನು ನಾವು ಬಿಡಿಸಿ ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದೇವೆ: ಮೈಗೆ ಒಂದು ಆ್ಯಪ್, ಕಲಿಕೆಗೆ ಇನ್ನೊಂದು, ಬದುಕಿನ ಅರ್ಥಕ್ಕೆ ಹೊಸ ವರ್ಷದ ದಿನಚರಿಯ ಮೊದಲ ಪುಟ. ಮೂರನ್ನೂ ಮತ್ತೆ ಒಂದೇ ನೊಗಕ್ಕೆ ಕಟ್ಟಲು ನಾನು ಹಿಡಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಒಂದು ಸುತ್ತಿಗೆ 12 ವಾರ ಬೇಕು. ಒಂದು ನೋಟ್‌ಬುಕ್, ಒಂದು ಕುರ್ಚಿ, ಧ್ವನಿ ಮತ್ತು ವಿಡಿಯೊ ಮುದ್ರಿಸುವ ಒಂದು ಮೊಬೈಲ್ ಇದ್ದರೆ ಸಾಕು.

ಮೊದಲ ಹೆಜ್ಜೆ: ಉದ್ದೇಶವನ್ನು ಒಂದು ದೃಶ್ಯವಾಗಿ ಬರೆಯಿರಿ

ಉದ್ದೇಶ ಬರೆಯಿರಿ ಎಂದೊಡನೆ ಜನ ದೊಡ್ಡ ಮಾತುಗಳನ್ನು ಬರೆಯುತ್ತಾರೆ. ಸಮಾಜಕ್ಕೆ ಕೊಡುಗೆ, ಕುಟುಂಬದ ನೆಮ್ಮದಿ, ಸಾರ್ಥಕ ಜೀವನ. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ಅವು ಹೇಳುವುದಿಲ್ಲ. ಬೈಠಕ್ ಹೊಡೆಯಬೇಕೋ ನಡೆಯಬೇಕೋ, ಸಂಧಿ ಸಮಾಸ ಓದಬೇಕೋ ಲೆಕ್ಕಪತ್ರ ಕಲಿಯಬೇಕೋ ಎಂದು ಸಾರ್ಥಕ ಜೀವನವನ್ನು ಕೇಳಿದರೆ ಅದು ಸುಮ್ಮನೆ ನಗುತ್ತದೆ.

ಆದ್ದರಿಂದ ಇಪ್ಪತ್ತು ನಿಮಿಷ ಬಿಡುವು ಮಾಡಿಕೊಂಡು ಕುಳಿತು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಯಾರಿಗಾಗಿ? ಯಾವ ಕೆಲಸ? ಎಷ್ಟು ಹೊತ್ತು, ಎಂಥ ಜಾಗದಲ್ಲಿ? ಕೆಲಸ ಮುಗಿದಾಗ ಅವರ ಪಾಲಿಗೆ ಏನು ಬದಲಾಗಿರುತ್ತದೆ? ನನ್ನ ಹಾಳೆಯಲ್ಲಿ ಬಂದದ್ದು ಹೀಗಿತ್ತು: ವಾರಕ್ಕೆ ನಾಲ್ಕು ಸಂಜೆ, ಎರಡು ತಾಸು, ಹನ್ನೆರಡು ಮಂದಿ ಹಿರಿಯರ ಮುಂದೆ ನಿಂತು, ಅವರು ತಮ್ಮ ಅರ್ಜಿಯನ್ನು ತಾವೇ ಬರೆದು ಸಹಿ ಹಾಕುವ ತನಕ ಕಲಿಸುವುದು, ಅರವತ್ತೈದರ ವಯಸ್ಸಿನಲ್ಲೂ ಇದನ್ನು ಮಾಡುತ್ತಿರುವುದು.

ಇದರ ಕೊನೆಯ ತುಣುಕನ್ನು ಗಮನಿಸಿ. ಎಷ್ಟು ವರ್ಷ ಎಂದು ಬರೆದೊಡನೆ ದೇಹ ತಾನಾಗಿಯೇ ಲೆಕ್ಕದೊಳಗೆ ಬರುತ್ತದೆ. ಮೂವತ್ತು ದಾಟಿದ ಮೇಲೆ, ಯಾವ ಶ್ರಮವೂ ಇಲ್ಲದಿದ್ದರೆ, ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾದಷ್ಟು ಸ್ನಾಯು ಕರಗುತ್ತದೆ ಎಂಬುದು ವೈದ್ಯರು ಸಾಮಾನ್ಯವಾಗಿ ಕೊಡುವ ಅಂದಾಜು. ಅರವತ್ತರ ನಂತರ ಇಳಿತ ಇನ್ನೂ ಚುರುಕಾಗುತ್ತದೆ. ಹಾಗಾಗಿ ಅರವತ್ತೈದಕ್ಕೂ ನಿಂತು ಕಲಿಸುತ್ತೇನೆ ಎಂಬುದನ್ನು ಈಗಿನಿಂದಲೇ ಕಾಲಿನಲ್ಲಿ ಕೂಡಿಡಬೇಕು.

ಬರೆದ ದೃಶ್ಯವನ್ನು ಮೂರು ಬಗೆಯಲ್ಲಿ ತಟ್ಟಿ ನೋಡಿ. ಅದರ ಫೋಟೊ ತೆಗೆಯಲು ಬರುತ್ತದೆಯೇ? ಬಾರದಿದ್ದರೆ ಅದಿನ್ನೂ ಬರಿಯ ಭಾವನೆ. ಯಾರಿಗೂ ಹೇಳಿಕೊಳ್ಳುವಂತಿಲ್ಲ ಎಂದಾದರೂ ಮಾಡುತ್ತೀರಾ? ಇಲ್ಲವೆಂದರೆ ನಿಮಗೆ ಬೇಕಿರುವುದು ಚಪ್ಪಾಳೆ. ಅದನ್ನು ಬಯಸುವುದು ಪಾಪವಲ್ಲ, ಆದರೆ ಹನ್ನೆರಡು ವಾರ ಅದು ಬಾರದೆ ಹೋದರೆ ನೀವು ನಿಂತುಬಿಡುತ್ತೀರಿ. ಮೂರನೆಯದು ಎಲ್ಲಕ್ಕಿಂತ ಕಟು: ಕಳೆದ ಮೂವತ್ತು ದಿನಗಳಲ್ಲಿ ಈ ಕೆಲಸವನ್ನು ಒಂದು ತಾಸಾದರೂ ಮಾಡಿದ್ದೀರಾ? ಮಾಡಿಲ್ಲವೆಂದರೆ ವ್ಯಾಯಾಮ, ಅಭ್ಯಾಸ ಎಲ್ಲವನ್ನೂ ಬದಿಗಿಟ್ಟು ಮೊದಲು ಆ ಒಂದು ತಾಸನ್ನು ಮಾಡಿ ಬನ್ನಿ. ಅನಾಥ ಮಕ್ಕಳಿಗೆ ಸಂಗೀತ ಕಲಿಸುವ ಕನಸನ್ನು ವರ್ಷಗಟ್ಟಲೆ ಸಾಕಿದ ಪರಿಚಿತರೊಬ್ಬರು, ಒಂದು ಸಂಜೆ ನಿಜವಾಗಿಯೂ ಮಕ್ಕಳ ಗದ್ದಲದ ನಡುವೆ ಕುಳಿತೆದ್ದು ಬಂದು, ತಮಗೆ ಬೇಕಿರುವುದು ಸಂಗೀತ ಮಾತ್ರ, ಮಕ್ಕಳಲ್ಲ ಎಂದು ಕಂಡುಕೊಂಡರು. ಅದೂ ಒಳ್ಳೆಯ ಫಲಿತಾಂಶವೇ.

ನನಗೆ ಉದ್ದೇಶವೇ ಇಲ್ಲ ಎನ್ನುವವರು ಗಾಬರಿಯಾಗಬೇಕಿಲ್ಲ. ಬದುಕಿನ ಅರ್ಥವನ್ನು ಹುಡುಕುವುದು ಬಿಟ್ಟು ಕಳೆದ ತಿಂಗಳನ್ನು ಹುಡುಕಿ. ಯಾರು ಯಾವ ಕೆಲಸಕ್ಕಾಗಿ ನಿಮ್ಮನ್ನೇ ಕೇಳಿಕೊಂಡು ಬಂದರು? ಯಾವ ಕೆಲಸದಲ್ಲಿದ್ದಾಗ ಊಟದ ಹೊತ್ತು ಮೀರಿದ್ದು ತಿಳಿಯಲಿಲ್ಲ? ಬೇರೆಯವರು ಕೆಟ್ಟದಾಗಿ ಮಾಡುವುದನ್ನು ಕಂಡು ಮೈ ಉರಿದದ್ದು ಯಾವುದರಲ್ಲಿ? ಮೂರರಲ್ಲಿ ಎರಡು ಉತ್ತರಗಳು ಒಂದೇ ಕಡೆ ಕೈ ತೋರಿಸಿದರೆ ಅದನ್ನು 12 ವಾರಗಳ ಮಟ್ಟಿಗೆ ಉದ್ದೇಶವೆಂದು ಒಪ್ಪಿಕೊಳ್ಳಿ. ಬಾಡಿಗೆ ಮನೆಯಂತೆ ಇರಲಿ, ಹಿಡಿಸಿದರೆ ಮುಂದುವರಿಸಬಹುದು.

ಉದ್ದೇಶ ಇದ್ದವರು ಹೆಚ್ಚು ಕಾಲ ಬದುಕುತ್ತಾರೆ ಎಂಬ ಮಾತನ್ನು ನೀವು ಕೇಳಿರಬಹುದು. ಅಮೆರಿಕದ 6,000ಕ್ಕೂ ಹೆಚ್ಚು ಜನರನ್ನು 14 ವರ್ಷ ಗಮನಿಸಿ ಪ್ಯಾಟ್ರಿಕ್ ಹಿಲ್ ಮತ್ತು ನಿಕೊಲಸ್ ಟುರಿಯಾನೊ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬದುಕಿಗೊಂದು ದಿಕ್ಕಿದೆ ಎಂದವರಲ್ಲಿ ಆ ಅವಧಿಯ ಸಾವಿನ ಅಪಾಯ ಕಡಿಮೆಯಿತ್ತು. ಕಿರಿಯರಲ್ಲೂ ಹಿರಿಯರಲ್ಲೂ ಅದು ಒಂದೇ ತೆರನಾಗಿ ಕಂಡಿತು. ಆದರೆ ಇದು ಗಮನಿಸಿ ಬರೆದ ಲೆಕ್ಕ. ಆರೋಗ್ಯವಾಗಿರುವವರಿಗೆ ಉದ್ದೇಶ ಇಟ್ಟುಕೊಳ್ಳುವುದು ಸುಲಭ ಎಂಬ ತಿರುಗು ದಾರಿಯೂ ಇಲ್ಲಿ ಇರಬಹುದು. ಆಯುಷ್ಯ ಹೆಚ್ಚುತ್ತದೆಂದು ಉದ್ದೇಶ ಹುಡುಕಿದರೆ ಅದು ಉದ್ದೇಶವಾಗದೆ ಔಷಧಿಯಾಗುತ್ತದೆ ಎಂಬುದು ನನ್ನ ತಕರಾರು.

ಎರಡನೆಯ ಹೆಜ್ಜೆ: ದೃಶ್ಯದಿಂದ ಬೇಡಿಕೆಗಳನ್ನು ಹೆಕ್ಕಿರಿ

ಇಡೀ ಕೆಲಸದ ಹುರುಳಿರುವುದು ಇಲ್ಲಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಮೈ, ಬಲಕ್ಕೆ ಕೈ ಎಂದು ಬರೆಯಿರಿ. ಈಗ ದೃಶ್ಯವನ್ನು ನಿಮಿಷ ನಿಮಿಷವಾಗಿ ಕಣ್ಣ ಮುಂದೆ ಓಡಿಸಿ. ದೇಹ ಏನನ್ನು ತಾಳಬೇಕು ಎಂಬುದು ಎಡಕ್ಕೆ, ಏನನ್ನು ಬಲ್ಲದಾಗಿರಬೇಕು ಎಂಬುದು ಬಲಕ್ಕೆ.

ನನ್ನ ಎಡಗಡೆಯಲ್ಲಿ ಬಂದದ್ದು: ಎರಡು ತಾಸು ನಿಲ್ಲುವ ಕಾಲು ಮತ್ತು ಸೊಂಟ, ತಲೆಯ ಮಟ್ಟಕ್ಕಿಂತ ಮೇಲೆ ಕೈ ಎತ್ತಿ ಬರೆಯುವ ಭುಜ, ಕೂಗದೆ ಕೊನೆಯ ಸಾಲಿಗೆ ಮುಟ್ಟುವ ಉಸಿರು, ಕುಳಿತವರ ಪಕ್ಕದಲ್ಲಿ ಬಗ್ಗಿ ಮತ್ತೆ ಏಳುವ ಮಂಡಿ. ಬಲಗಡೆಯಲ್ಲಿ: ಒತ್ತಕ್ಷರವನ್ನು ಮೂರು ಬೇರೆ ಬೇರೆ ರೀತಿಯಲ್ಲಿ ವಿವರಿಸುವುದು, ತಪ್ಪು ಓದಿದವರಿಗೆ ನಾಚಿಕೆಯಾಗದಂತೆ ತಿದ್ದುವುದು, ಸ್ಪಷ್ಟವಾಗಿ ದೊಡ್ಡದಾಗಿ ಬರೆಯುವುದು, ಪ್ರಶ್ನೆ ಕೇಳಿ ಸುಮ್ಮನೆ ಕಾಯುವುದು. ಕೊನೆಯದು ಎಲ್ಲಕ್ಕಿಂತ ಕಷ್ಟ.

ಬರೆಯುತ್ತ ಹೋದಂತೆ ಒಂದು ವಿಚಿತ್ರ ಕಾಣಿಸಿತು. ಮೈಯ ಕೊರತೆ ಎಂದುಕೊಂಡ ಎಷ್ಟೋ ಸಂಗತಿ ಕೈಯ ಕೊರತೆಯಾಗಿತ್ತು. ಕೈಯದು ಎಂದುಕೊಂಡದ್ದು ಮೈಯದಾಗಿತ್ತು. ಎರಡನೆಯ ತಾಸಿನಲ್ಲಿ ನನ್ನ ಅಕ್ಷರ ಕೆಡುತ್ತಿದ್ದುದಕ್ಕೆ ಬರವಣಿಗೆ ಸಾಲದು ಎಂದು ಕಾಪಿ ಬರೆದು ಬರೆದು ಸಾಕಾಗಿತ್ತು. ಕಾರಣ ಭುಜದ ದಣಿವು. ಅದೇ ವೇಳೆ ಗಂಟಲು ಕಟ್ಟುವುದಕ್ಕೆ ನನ್ನ ಶಕ್ತಿ ಸಾಲದು ಎಂದುಕೊಂಡಿದ್ದೆ. ಕಾರಣ, ಎಲ್ಲವನ್ನೂ ನಾನೇ ಹೇಳುತ್ತಿದ್ದೆ. ಅವರಿಂದ ಓದಿಸುವ ಕೌಶಲ ಬಂದ ಮೇಲೆ ನಾನು ಮಾತನಾಡುವ ಸಮಯವೇ ಅರ್ಧಕ್ಕೆ ಇಳಿಯಿತು. (ಧ್ವನಿ ಒಡಕು ನಾಲ್ಕು ವಾರ ಮೀರಿಯೂ ಹೋಗದಿದ್ದರೆ ಮಾತ್ರ ಇಂಥ ಲೆಕ್ಕಾಚಾರ ಬಿಟ್ಟು ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು.)

ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮಗಳ ಸಂಗತಿ ಇನ್ನೂ ಸ್ಪಷ್ಟ. ತಾಯಿಯನ್ನು ಮಂಚದಿಂದ ಕುರ್ಚಿಗೆ ಕೂರಿಸುವುದಕ್ಕೆ ತನ್ನ ತೋಳಿನಲ್ಲಿ ಬಲ ಸಾಲದು ಎಂದು ಆಕೆ ಡಂಬೆಲ್ ಹಿಡಿಯಬಹುದು. ಆದರೆ ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಓರೆಯಾಗಿ ಇಟ್ಟು, ಬೆನ್ನು ಬಗ್ಗಿಸದೆ ಸೊಂಟದಿಂದ ಬಾಗಿ, ಮಂಡಿ ಮಡಿಸಿ, ತಾಯಿಯನ್ನು ಮೈಗೆ ಹತ್ತಿರ ಹಿಡಿದು, ಪಾದ ತಿರುಗಿಸಿ ಹೊರಳುವುದನ್ನು ಒಬ್ಬ ನರ್ಸ್ ಅಥವಾ ಫಿಸಿಯೊಥೆರಪಿಸ್ಟ್ ಪಕ್ಕದಲ್ಲಿ ನಿಂತು ಕಲಿಸಿದರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ. ಉಳಿದ ಅರ್ಧಕ್ಕೆ ಕಾಲು ಮತ್ತು ಬೆನ್ನಿನ ಬಲ ಬೇಕು, ತೋಳಿನದಲ್ಲ. ಬಲವಿದ್ದೂ ಬಗೆ ತಿಳಿಯದವರು ಬೆನ್ನು ಉಳುಕಿಸಿಕೊಳ್ಳುತ್ತಾರೆ. ಬಗೆ ತಿಳಿದೂ ಬಲವಿಲ್ಲದವರು ದಿನದ ಮೂರನೆಯ ಸಲಕ್ಕೆ ಕೈಚೆಲ್ಲುತ್ತಾರೆ.

ಆದ್ದರಿಂದ ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಹಾಕಿ: ಇದು ನನಗೆ ಕೆಲಸದ ಮೊದಲ ಹತ್ತು ನಿಮಿಷದಲ್ಲೂ ಬರುವುದಿಲ್ಲವೋ, ಕೊನೆಯ ಹತ್ತು ನಿಮಿಷದಲ್ಲಿ ಮಾತ್ರ ಕೈಕೊಡುತ್ತದೆಯೋ? ಮೊದಲಿನಿಂದಲೂ ಬಾರದಿದ್ದರೆ ಅದು ಬಹುಮಟ್ಟಿಗೆ ಕೌಶಲದ ಮಾತು. ಮೊದಲು ಬಂದು ಆಮೇಲೆ ಕೈಕೊಟ್ಟರೆ ದೇಹದ ಮಾತು. ಈ ಒರೆಗಲ್ಲು ಎಲ್ಲ ಕಡೆಯೂ ನಿಲ್ಲುವುದಿಲ್ಲ, ಆದರೆ ಹತ್ತರಲ್ಲಿ ಏಳು ಸಲ ದಾರಿ ತೋರಿಸಿದೆ.

ಮೂರನೆಯ ಹೆಜ್ಜೆ: ಇವತ್ತಿನ ಅಳತೆ ತೆಗೆದಿಡಿ

ಎದೆನೋವು, ತಲೆಸುತ್ತು, ಹೃದಯ ಅಥವಾ ಕೀಲಿನ ಹಳೆಯ ತೊಂದರೆ, ಗರ್ಭಾವಸ್ಥೆ, ಬಹಳ ವರ್ಷಗಳ ಕೂತೇ ಇರುವ ಬದುಕು, ಇವುಗಳಲ್ಲಿ ಯಾವುದಾದರೂ ಇದ್ದರೆ ವೈದ್ಯರನ್ನು ಕೇಳಿ ಮುಂದುವರಿಯಿರಿ.

ಮೈಗೆ ಮೂರು ಅಳತೆ ಸಾಕು. ಮೊದಲನೆಯದು ಕುರ್ಚಿಯ ಪರೀಕ್ಷೆ. ಸುಮಾರು 43 ಸೆಂಟಿಮೀಟರ್ ಎತ್ತರದ, ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ತಾಗಿಸಿ, ತೋಳುಗಳನ್ನು ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. ಹಿರಿಯರ ಕಾಲಿನ ಬಲ ಅಳೆಯಲು ವೈದ್ಯರೂ ಬಳಸುವ ಪರೀಕ್ಷೆ ಇದು. 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಅದನ್ನು ಸರಾಸರಿಗಿಂತ ಕೆಳಗೆ ಎಂದು ಎಣಿಸುತ್ತಾರೆ. ಮೂವತ್ತೈದರ ನೀವು ಹದಿನಾಲ್ಕಕ್ಕೆ ಏದುಸಿರು ಬಿಟ್ಟರೆ ಲೆಕ್ಕ ನಿಮಗೇ ತಿಳಿಯುತ್ತದೆ. ಎರಡನೆಯದು ಮಾತಿನ ಪರೀಕ್ಷೆ: ಚುರುಕಾಗಿ ನಡೆಯುತ್ತ ಎಷ್ಟು ಹೊತ್ತು ಪೂರ್ತಿ ವಾಕ್ಯಗಳಲ್ಲಿ ಮಾತನಾಡಬಲ್ಲಿರಿ? ಮಾತು ಬರುತ್ತದೆ, ಹಾಡು ಬರುವುದಿಲ್ಲ ಎಂಬ ಸ್ಥಿತಿಯೇ ಮಧ್ಯಮ ಶ್ರಮ. ಕೆಲವು ಪದಕ್ಕೇ ಉಸಿರು ಕಟ್ಟಿದರೆ ಅದು ತೀವ್ರ ಶ್ರಮ. ಮೂರನೆಯದನ್ನು ನಿಮ್ಮ ದೃಶ್ಯದಿಂದಲೇ ಎತ್ತಿಕೊಳ್ಳಿ. ನನ್ನದು, ಗೋಡೆಯ ಮೇಲೆ ತಲೆಗಿಂತ ಎತ್ತರದಲ್ಲಿ ಬರೆಯುತ್ತ ಭುಜ ಸೋಲುವ ತನಕದ ನಿಮಿಷಗಳು. ಮೊದಲ ದಿನ ನಾಲ್ಕು.

ಕೈಗೆ ಒಂದೇ ಅಳತೆ: ಕೆಲಸ ಮಾಡುತ್ತಿರುವಾಗ ಹದಿನೈದು ನಿಮಿಷ ಮುದ್ರಿಸಿಕೊಳ್ಳಿ. ಬೇರೆಯವರು ಚೌಕಟ್ಟಿನೊಳಗೆ ಬರುವುದಾದರೆ ಅವರ ಒಪ್ಪಿಗೆ ಕೇಳಿ. ಆಮೇಲೆ ಅದನ್ನು ನೋಡಿ. ನೋಡುವುದು ಹಿಂಸೆ, ನನಗೆ ಗೊತ್ತು. ನನ್ನ ಮುದ್ರಣದಲ್ಲಿ ಪ್ರಶ್ನೆ ಕೇಳಿದ ಒಂದೂವರೆ ಸೆಕೆಂಡಿಗೆ ನಾನೇ ಉತ್ತರ ಹೇಳಿಬಿಡುತ್ತಿದ್ದೆ, ಪ್ರತಿ ಸಲ.

ನಾಲ್ಕನೆಯ ಹೆಜ್ಜೆ: ಒಂದು ಮೈ, ಒಂದು ಕೈ

ಎರಡೂ ಕಡೆ ಏಳೆಂಟು ಸಾಲುಗಳು ಇರುತ್ತವೆ. ಎಲ್ಲವನ್ನೂ ಹಿಡಿಯುವ ಉಮೇದು ಬರುತ್ತದೆ. ಆರಂಭಶೂರತ್ವ ಹುಟ್ಟುವುದೇ ಇಂಥ ಉಮೇದಿನಲ್ಲಿ. ಎಡದಿಂದ ಒಂದು, ಬಲದಿಂದ ಒಂದು ಆಯ್ದುಕೊಳ್ಳಿ. ಯಾವ ಕೊರತೆ ಸರಿಹೋದರೆ ದೃಶ್ಯದಲ್ಲಿ ಅತಿ ಹೆಚ್ಚು ಬದಲಾವಣೆ ಕಾಣುತ್ತದೋ ಅದು ಮೊದಲು. ನನ್ನ ಆಯ್ಕೆ ಭುಜ ಮತ್ತು ಕಾಯುವಿಕೆ. ಓಟದ ಮೇಲಿದ್ದ ಪ್ರೀತಿಯಿಂದ ಅದನ್ನು ಸೇರಿಸಲು ಹೊರಟಿದ್ದೆ. ಎರಡು ದಿನ ವಾದ ಮಾಡಿಕೊಂಡು ಕೊನೆಗೆ ಅದನ್ನು ಮೋಜಿನ ಲೆಕ್ಕಕ್ಕೆ ಹಾಕಿದೆ. ಮೋಜಿಗೂ ಜಾಗವಿದೆ, ಅದಕ್ಕೆ ಉದ್ದೇಶದ ಹೆಸರು ಕೊಡುವುದು ಮಾತ್ರ ಬೇಡ.

ಹಾಗೆಂದು ಉಳಿದ ದೇಹವನ್ನು ಮರೆಯುವಂತಿಲ್ಲ. ಎಲ್ಲ ಉದ್ದೇಶಗಳಿಗೂ ಅಡಿಪಾಯವಾಗಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆ ಇದೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮ, ಜೊತೆಗೆ ಎರಡು ಅಥವಾ ಹೆಚ್ಚು ದಿನ ಮುಖ್ಯ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ, 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವೂ ಸೇರಬೇಕು. ಇಷ್ಟನ್ನು ಮುಟ್ಟಲಾಗದಿದ್ದರೆ ಮುಟ್ಟಿದಷ್ಟೂ ಲಾಭವೇ ಎಂದು ಅದೇ ಸಂಸ್ಥೆ ಹೇಳುತ್ತದೆ. ಈ ಅಡಿಪಾಯಕ್ಕೆ ಸಮಯದ ಮುಕ್ಕಾಲು ಪಾಲು, ಆಯ್ದ ಬೇಡಿಕೆಗೆ ಕಾಲು ಪಾಲು ಎಂಬುದು ನಾನು ಇಟ್ಟುಕೊಂಡ ಹಂಚಿಕೆ.

ಬಲದ ವ್ಯಾಯಾಮದಲ್ಲಿ ಭಾರ ಯಾವಾಗ ಏರಿಸಬೇಕು ಎಂಬುದಕ್ಕೆ ಒಂದು ಸರಳ ಕಟ್ಟಳೆ ಉಂಟು. ಹನ್ನೆರಡು ಸಲ ಎಂದು ನಿಗದಿ ಮಾಡಿಕೊಂಡಿದ್ದೀರಿ ಎನ್ನಿ. ಸತತ ಎರಡು ದಿನದ ಅಭ್ಯಾಸದಲ್ಲಿ ಅದಕ್ಕಿಂತ ಒಂದೆರಡು ಹೆಚ್ಚು ಸಲ ಸಲೀಸಾಗಿ ಆದರೆ ಆಗ 2ರಿಂದ 10 ಶೇಕಡಾ ಏರಿಸಿ. ಮೊದಲ ಕೆಲವು ವಾರ ಬಲ ಬೇಗ ಹೆಚ್ಚಿದಂತೆ ಕಾಣುತ್ತದೆ. ಅದರ ಬಹುಪಾಲು ನರಮಂಡಲ ಸ್ನಾಯುವನ್ನು ಚೆನ್ನಾಗಿ ಬಳಸಲು ಕಲಿತದ್ದರ ಫಲ, ಅಂದರೆ ಬಲವೂ ಮೊದಲು ಕೌಶಲವಾಗಿಯೇ ಬರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳು ಸ್ನಾಯುವಿಗಿಂತ ನಿಧಾನವಾಗಿ ಗಟ್ಟಿಯಾಗುತ್ತವೆ. ಐದನೆಯ ವಾರದಲ್ಲಿ ಹುಮ್ಮಸ್ಸಿನಿಂದ ದುಪ್ಪಟ್ಟು ಎತ್ತಿ ಭುಜ ಕೆಡಿಸಿಕೊಳ್ಳುವವರು ಈ ಅಂತರಕ್ಕೆ ಬಲಿಯಾದವರು. ವ್ಯಾಯಾಮದ ಮರುದಿನ ಶುರುವಾಗಿ ಎರಡು ಮೂರು ದಿನದಲ್ಲಿ ಇಳಿಯುವ ಮೈಕೈ ನೋವು ಸಹಜ. ಕೀಲಿನಲ್ಲಿ ಚುಚ್ಚುವ, ದಿನದಿಂದ ದಿನಕ್ಕೆ ಹೆಚ್ಚುವ ನೋವು ಸಹಜವಲ್ಲ.

ಐದನೆಯ ಹೆಜ್ಜೆ: ಕೌಶಲವನ್ನು ತುಂಡು ಮಾಡಿ ತಿದ್ದಿ

ಹತ್ತು ಸಾವಿರ ತಾಸು ಮಾಡಿದರೆ ಯಾರಾದರೂ ನಿಪುಣರಾಗುತ್ತಾರೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದರ ಮೂಲ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಮೇಲೆ ಬರೆದ ಲೇಖನ. ಅಲ್ಲಿದ್ದ ಸಂಖ್ಯೆ, ಅತ್ಯುತ್ತಮರ ಗುಂಪು ಇಪ್ಪತ್ತನೆಯ ವಯಸ್ಸಿಗೆ ಸರಾಸರಿ ಕೂಡಿಟ್ಟ ತಾಸುಗಳದ್ದು. ದಾಟಿದರೆ ಗೆದ್ದೆ ಎಂಬ ಹೊಸ್ತಿಲು ಅದಾಗಿರಲಿಲ್ಲ. ಎರಿಕ್ಸನ್ ಒತ್ತಿ ಹೇಳಿದ್ದು ತಾಸಿನ ಎಣಿಕೆಗಿಂತ ಅಭ್ಯಾಸದ ಬಗೆಯನ್ನು: ನಿಮ್ಮ ಒಂದು ನಿರ್ದಿಷ್ಟ ದೌರ್ಬಲ್ಯ, ಅದನ್ನು ಈಗಿನ ಅಳವಿಗಿಂತ ತುಸು ಆಚೆ ಒಯ್ಯುವ ಪ್ರಯತ್ನ, ಕೂಡಲೇ ಸರಿ ತಪ್ಪು ತಿಳಿಸುವ ಯಾರೋ ಅಥವಾ ಏನೋ. ಈ ಮೂರೂ ಇಲ್ಲದೆ ಇಪ್ಪತ್ತು ವರ್ಷ ಅದೇ ಪಾಠ ಹೇಳಿದವರಿಗೆ ಒಂದೇ ವರ್ಷದ ಅನುಭವ ಇಪ್ಪತ್ತು ಸಲ ಆಗಿರುತ್ತದೆ.

ಕಾಯುವಿಕೆಯನ್ನು ನಾನು ಹೀಗೆ ತುಂಡು ಮಾಡಿದೆ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಐದರ ತನಕ ಎಣಿಸಿ, ತುಟಿ ಮುಚ್ಚಿರುವುದು. ಇಷ್ಟೇ. ಪ್ರತಿ ತರಗತಿಯಲ್ಲಿ ಮೊದಲ ಹತ್ತು ಪ್ರಶ್ನೆಗಳಿಗೆ ಮಾತ್ರ. ಮುಂದಿನ ಸಾಲಿನ ಒಬ್ಬ ಅಜ್ಜಿಗೆ ಹೇಳಿಟ್ಟಿದ್ದೆ. ನಾನು ಅವಸರ ಮಾಡಿದರೆ ಆಕೆ ಪೆನ್ಸಿಲಿನಿಂದ ಮೇಜು ಕುಟ್ಟುತ್ತಿದ್ದರು. ಅದಕ್ಕಿಂತ ಒಳ್ಳೆಯ ಯಂತ್ರವನ್ನು ಯಾವ ಕಂಪನಿಯೂ ಮಾಡಿಲ್ಲ.

ನೆನಪಿನಲ್ಲಿ ಉಳಿಯಬೇಕಾದ ವಿಷಯವಾದರೆ ಎರಡು ಸಂಗತಿ ಗೊತ್ತಿರಲಿ. ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ 1885ರಲ್ಲಿ ತೋರಿಸಿದಂತೆ, ಮರೆವು ಮೊದಲ ತಾಸುಗಳಲ್ಲಿ ರಭಸವಾಗಿ ಬಂದು ಆಮೇಲೆ ನಿಧಾನವಾಗುತ್ತದೆ. ಒಂದೇ ದಿನ ಮೂರು ತಾಸು ಕೂರುವುದಕ್ಕಿಂತ ಇಂದು, ನಾಡಿದ್ದು, ಮುಂದಿನ ವಾರ ಎಂದು ಹರಡಿದ ಮೂರು ತಾಸು ಹೆಚ್ಚು ಉಳಿಯುತ್ತದೆ. ಇನ್ನೊಂದು, ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಹೇಳಿ ನೋಡುವುದು ಗಟ್ಟಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಓದಿದ ಐದು ನಿಮಿಷಕ್ಕೆ ಪರೀಕ್ಷಿಸಿದಾಗ ಮರು ಓದಿದವರು ಮುಂದಿದ್ದರು. ಒಂದು ವಾರದ ನಂತರ ನೆನಪು ಮಾಡಿಕೊಂಡವರು ಮುಂದಿದ್ದರು. ಮರು ಓದು ನಮ್ಮನ್ನು ಮರುಳು ಮಾಡುವುದು ಆ ಐದು ನಿಮಿಷದ ಗೆಲುವಿನಿಂದಲೇ.

ನಿದ್ದೆಯನ್ನು ಇಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ: ಸ್ನಾಯು ಚೇತರಿಸಿಕೊಳ್ಳುವುದಕ್ಕೂ ಕಲಿತದ್ದು ಗಟ್ಟಿಯಾಗುವುದಕ್ಕೂ ಅದು ಬೇಕು, ವಯಸ್ಕರಿಗೆ ಏಳು ತಾಸಿಗೆ ಕಡಿಮೆ ಸಲ್ಲದು.

ಆರನೆಯ ಹೆಜ್ಜೆ: ವಾರಕ್ಕೆ ಹೊಲಿಯಿರಿ

ಮೈಯ ಅಭ್ಯಾಸವನ್ನೂ ಕೈಯ ಅಭ್ಯಾಸವನ್ನೂ ಕೆಲಸದ ದಿನಗಳ ಸುತ್ತ ಹೆಣೆಯಿರಿ. ಮೂಲ ವೇಳಾಪಟ್ಟಿಯಾಗಿ ನಾನು ಇಟ್ಟುಕೊಂಡದ್ದು: ಸೋಮವಾರ ಮತ್ತು ಗುರುವಾರ ಬೆಳಿಗ್ಗೆ 40 ನಿಮಿಷ ಬಲದ ವ್ಯಾಯಾಮ. ಇದರಲ್ಲಿ ಕಾಲು, ಬೆನ್ನು, ಎದೆ ಎಲ್ಲಕ್ಕೂ 30 ನಿಮಿಷ, ಭುಜಕ್ಕೆ ಮಾತ್ರ 10. ವಾರಕ್ಕೆ ಐದು ದಿನ 30 ನಿಮಿಷ ಚುರುಕು ನಡಿಗೆ. ಅದರಲ್ಲಿ ಎರಡು ದಿನ ನಡೆಯುತ್ತಲೇ ಮುಂದಿನ ಪಾಠವನ್ನು ಜೋರಾಗಿ ಹೇಳಿಕೊಳ್ಳುವುದು, ಹಾಗಾಗಿ ಉಸಿರಿಗೂ ನೆನಪಿಗೂ ಒಟ್ಟಿಗೆ ಕೆಲಸ. ದಾರಿಹೋಕರು ತಿರುಗಿ ನೋಡುತ್ತಾರೆ, ನೋಡಲಿ. ತರಗತಿಯ ನಾಲ್ಕು ಸಂಜೆ ಹತ್ತು ಪ್ರಶ್ನೆಗಳ ಕಾಯುವಿಕೆ. ಭಾನುವಾರ ಮುದ್ರಣ ಕೇಳಿ ಅರ್ಧ ಪುಟ ಟಿಪ್ಪಣಿ.

ಪ್ರತಿಯೊಂದಕ್ಕೂ ಹೀಗಾದರೆ ಹೀಗೆ ಮಾಡುತ್ತೇನೆ ಎಂಬ ಕೊಂಡಿ ಹಾಕಿ. ಗುರಿ ಮಾತ್ರ ಬರೆದುಕೊಳ್ಳುವುದಕ್ಕಿಂತ ಎಂಥ ಹೊತ್ತಿನಲ್ಲಿ ಏನು ಮಾಡುತ್ತೇನೆ ಎಂದು ಕಟ್ಟಿಟ್ಟುಕೊಂಡರೆ ಅದು ನಡೆಯುವ ಸಾಧ್ಯತೆ ಹೆಚ್ಚು ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಹಲ್ಲುಜ್ಜಿ ಆದರೆ ಕೂಡಲೇ ಚಾಪೆ ಹಾಸುತ್ತೇನೆ. ಮಳೆಯಾದರೆ ಮೆಟ್ಟಿಲು ಹತ್ತುತ್ತೇನೆ. ರಾತ್ರಿ ನಿದ್ದೆ ಕೆಟ್ಟಿದ್ದರೆ ಬಲದ ವ್ಯಾಯಾಮ ಬಿಟ್ಟು ಹತ್ತು ನಿಮಿಷ ನಡೆಯುತ್ತೇನೆ. ಕೊನೆಯ ಬಗೆಯ ವಾಕ್ಯವೇ ಅತಿ ಮುಖ್ಯ. ಕೆಟ್ಟ ದಿನಕ್ಕೆ ಏನೂ ಕಟ್ಟಿಡದವರು ಆ ದಿನದಿಂದಲೇ ಜಾರುತ್ತಾರೆ.

21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ, ಒಂದು ಕೆಲಸ ಯೋಚಿಸದೆ ಆಗುವಂತಾಗಲು ಹಿಡಿದ ಕಾಲದ ಮಧ್ಯಾಂಕ 66 ದಿನ. ಕೆಲವರಿಗೆ 18, ಕೆಲವರಿಗೆ ಅಂದಾಜು 254. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂಬುದೂ ಅಲ್ಲಿ ಕಂಡಿತು. ನಾನು ಹನ್ನೆರಡು ವಾರ, ಅಂದರೆ 84 ದಿನ, ಆಯ್ದುಕೊಂಡದ್ದು ಈ ಲೆಕ್ಕದಿಂದ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಉದ್ದೇಶವನ್ನು ಚಾಟಿಯಾಗಿ ಬಳಸುವವರಿದ್ದಾರೆ: ಇವತ್ತು ನಡೆಯಲಿಲ್ಲ, ಹಾಗಾದರೆ ಆ ಹಿರಿಯರ ಬಗ್ಗೆ ನನಗೆ ಕಾಳಜಿಯೇ ಇಲ್ಲ. ಡೆಸಿ ಮತ್ತು ರಯಾನ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳ ಕೆಲಸದಲ್ಲಿ ಬಾಳಿಕೆ ಬರುವ ಪ್ರೇರಣೆಗೆ ಮೂರು ಆಸರೆ ಹೇಳಿದ್ದಾರೆ: ಇದು ನನ್ನ ಆಯ್ಕೆ ಎಂಬ ಭಾವ, ನನಗೆ ಇದು ಬರುತ್ತಿದೆ ಎಂಬ ಭಾವ, ನನ್ನವರು ಜೊತೆಗಿದ್ದಾರೆ ಎಂಬ ಭಾವ. ಚಾಟಿ ಮೊದಲನೆಯದನ್ನೇ ಮುರಿಯುತ್ತದೆ. ನೀವು ಆಡುವ ಮಾತಿನಲ್ಲಿ ಮಾಡಲೇಬೇಕು ಎಂಬುದು ಹೆಚ್ಚಾದರೆ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ.

ಏಳನೆಯ ಹೆಜ್ಜೆ: ನಾಲ್ಕು ವಾರಕ್ಕೊಮ್ಮೆ ಕೆಲಸದಲ್ಲೇ ಪರೀಕ್ಷಿಸಿ

ಕನ್ನಡಿ, ತೂಕದ ಯಂತ್ರ, ಆ್ಯಪಿನ ಪದಕ ಇವು ಯಾವುವೂ ಪರೀಕ್ಷಕರಲ್ಲ. ನಾಲ್ಕು, ಎಂಟು, ಹನ್ನೆರಡನೆಯ ವಾರದಲ್ಲಿ ಮೂರನೆಯ ಹೆಜ್ಜೆಯ ಅಳತೆಗಳನ್ನು ಮತ್ತೆ ತೆಗೆದು, ಹದಿನೈದು ನಿಮಿಷದ ಹೊಸ ಮುದ್ರಣ ಮಾಡಿ, ಯಾರಿಗಾಗಿ ಈ ಕೆಲಸವೋ ಅವರಲ್ಲಿ ಒಬ್ಬರನ್ನು ಕೇಳಿ: ಮೊದಲಿಗಿಂತ ಏನಾದರೂ ಬೇರೆ ಅನಿಸಿತೇ? ಹೊಗಳಿ ಎಂಬ ದನಿಯಲ್ಲಿ ಕೇಳಬೇಡಿ.

ಉತ್ತರ ನಾಲ್ಕು ಬಗೆಯಲ್ಲಿ ಬರಬಹುದು. ಅಳತೆ ಏರಿದೆ, ಕೆಲಸವೂ ಸುಧಾರಿಸಿದೆ ಎಂದಾದರೆ ಮುಂದುವರಿಯಿರಿ. ಅಳತೆ ಏರಿದೆ, ಕೆಲಸ ಹಾಗೆಯೇ ಇದೆ ಎಂದಾದರೆ ನೀವು ತಪ್ಪು ಬೇಡಿಕೆ ಆಯ್ದಿದ್ದೀರಿ. ಎರಡನೆಯ ಹೆಜ್ಜೆಗೆ ಹಿಂತಿರುಗಿ. ಅಳತೆ ಏರಿಲ್ಲ, ಕೆಲಸ ಸುಧಾರಿಸಿದೆ ಎಂದಾದರೆ ಬೇರೇನೋ ಸಹಾಯ ಮಾಡಿದೆ; ಅದೇನೆಂದು ಪತ್ತೆ ಮಾಡಿ, ಅದು ಚಿನ್ನ. ಎರಡೂ ಇಲ್ಲವೆಂದರೆ ಬಹುಶಃ ಅಭ್ಯಾಸವೇ ನಡೆದಿಲ್ಲ. ನೋಟ್‌ಬುಕ್ ತೆರೆದು ಎಷ್ಟು ದಿನ ನಡೆದಿದೆ ಎಂದು ಪ್ರಾಮಾಣಿಕವಾಗಿ ಎಣಿಸಿ.

ನನ್ನ ನಾಲ್ಕನೆಯ ವಾರ ಎರಡನೆಯ ಬಗೆಯದಾಗಿತ್ತು. ಭುಜ ನಾಲ್ಕರಿಂದ ಏಳು ನಿಮಿಷಕ್ಕೆ ಏರಿತ್ತು, ಆದರೆ ತರಗತಿಯ ಕೊನೆಗೆ ದಣಿವು ಹಾಗೆಯೇ ಇತ್ತು. ಮುದ್ರಣ ನೋಡಿದಾಗ ಕಂಡದ್ದು, ಎರಡು ತಾಸೂ ನಾನು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದೆ. ಭುಜದ ಹತ್ತು ನಿಮಿಷದಲ್ಲಿ ಅರ್ಧವನ್ನು ಸೊಂಟ ಮತ್ತು ಮೀನಖಂಡಕ್ಕೆ ಕೊಟ್ಟೆ. ಪ್ರತಿ ಕಾಲು ತಾಸಿಗೊಮ್ಮೆ ಸಾಲುಗಳ ನಡುವೆ ಓಡಾಡುವ ಅಭ್ಯಾಸ ಹಾಕಿಕೊಂಡೆ. ಓಡಾಡಲು ಶುರುಮಾಡಿದ್ದು ಸೊಂಟಕ್ಕಾಗಿ, ಆದರೆ ಹಿಂದಿನ ಸಾಲಿನವರ ಪುಸ್ತಕದಲ್ಲಿ ಏನಿದೆ ಎಂದು ಮೊದಲ ಸಲ ಕಂಡದ್ದೂ ಆಗಲೇ.

ನಡುವೆ ಜ್ವರ, ಪ್ರಯಾಣ, ಮನೆಯ ತಾಪತ್ರಯ ಬಂದು ಎರಡು ಮೂರು ವಾರ ತಪ್ಪಿದರೆ ಮೊದಲಿನಿಂದ ಶುರುಮಾಡಬೇಕಿಲ್ಲ. ಉಸಿರಿನ ಕಸುವು ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ಸ್ನಾಯುಬಲ ಇನ್ನಷ್ಟು ಕಾಲ ತಾಳುತ್ತದೆ, ಕೈಗೆ ಹತ್ತಿದ ಕೌಶಲ ಅದಕ್ಕಿಂತಲೂ ಹೆಚ್ಚು. ಬಿಟ್ಟಲ್ಲಿಂದ ಅರ್ಧ ಭಾರ, ಅರ್ಧ ಹೊತ್ತಿನೊಂದಿಗೆ ಹಿಡಿದು ಎರಡು ವಾರದಲ್ಲಿ ಹಳೆಯ ಮಟ್ಟಕ್ಕೆ ಬನ್ನಿ.

ಹನ್ನೆರಡನೆಯ ವಾರ ಮುಗಿದಾಗ ಮೊದಲ ಹೆಜ್ಜೆಯ ಹಾಳೆಯನ್ನು ತೆಗೆದು ಗಟ್ಟಿಯಾಗಿ ಓದಿ. ದೃಶ್ಯ ಈಗಲೂ ನಿಮ್ಮದೇ ಅನಿಸುತ್ತದೆಯೇ? ಹಾಗಿದ್ದರೆ ಎರಡೂ ಕಡೆಯ ಪಟ್ಟಿಯಿಂದ ಮುಂದಿನ ಒಂದೊಂದು ಸಾಲು ಎತ್ತಿಕೊಂಡು ಇನ್ನೊಂದು ಸುತ್ತು ಹಿಡಿಯಿರಿ. ಹಳೆಯ ಎರಡನ್ನು ವಾರಕ್ಕೊಮ್ಮೆ ಮುಟ್ಟಿದರೆ ಅವು ಉಳಿಯುತ್ತವೆ. ದೃಶ್ಯ ಬದಲಾಗಿದ್ದರೆ ಹೊಸ ಹಾಳೆ ತೆಗೆದುಕೊಳ್ಳಿ. ನನ್ನ ಹಾಳೆಯಲ್ಲಿ ಬದಲಾದದ್ದು ಒಂದೇ ಪದ: ಮುಂದೆ ನಿಂತು ಎಂಬುದನ್ನು ಹೊಡೆದು ನಡುವೆ ನಿಂತು ಎಂದು ಬರೆದೆ. ಆ ಒಂದು ಪದಕ್ಕೆ ಎಡಗಡೆಯ ಪಟ್ಟಿಯಲ್ಲಿ ಭುಜ ಕೆಳಗಿಳಿದು ಮಂಡಿ ಮೇಲೆ ಬಂತು, ಎರಡನೆಯ ಸುತ್ತು ಬೈಠಕ್‌ನಿಂದ ಶುರುವಾಯಿತು.